ಡೆಲಿವರಿ ನಡುವೆ ಪದೇ ಪದೇ ಕೇಳುವ ಗುರುತಿನ ಸೆಲ್ಫಿ: ಐಡಿ ಬ್ಲಾಕ್ ಆದರೆ ಏನು ಮಾಡಬೇಕು?

ಬೆಂದೂರ್‌ವೆಲ್ ಸವಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಕಂಕನಾಡಿ, ಬೆಂದೂರ್‌ವೆಲ್, ಕದ್ರಿ ಭಾಗದಲ್ಲಿ ಆಹಾರ ತಲುಪಿಸುವ ಒಂದು ಆ್ಯಪ್‌ಗಾಗಿ ಬೈಕ್ ಓಡಿಸುತ್ತೇನೆ. ಬೆಳಿಗ್ಗೆ ಲಾಗಿನ್ ಆಗುವಾಗ ಒಮ್ಮೆ ಸೆಲ್ಫಿ ಕೇಳಿದರೆ ನನ್ನ ತಕರಾರಿಲ್ಲ. ಆದರೆ ಮಳೆಗಾಲ ಹಿಡಿದ ಮೇಲೆ, ಹೋಟೆಲಿನಿಂದ ಪಾರ್ಸೆಲ್ ಎತ್ತಿಕೊಂಡು ಹೊರಟ ನಂತರವೂ ಕೇಳುತ್ತಿದೆ. ರಸ್ತೆ ಬದಿಗೆ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ರೇನ್‌ಕೋಟಿನ ಟೋಪಿ ಹಿಂದಕ್ಕೆ ಸರಿಸಿ, ಪ್ಲಾಸ್ಟಿಕ್ ಕವರಿನಿಂದ ಫೋನ್ ಹೊರತೆಗೆಯುವಷ್ಟರಲ್ಲಿ ಕ್ಯಾಮೆರಾದ ಮೇಲೆ ಹನಿ ಬಿದ್ದಿರುತ್ತದೆ, ಒದ್ದೆ ಬೆರಳಿಗೆ ಸ್ಕ್ರೀನ್ ಜಗ್ಗುವುದಿಲ್ಲ. ಕಳೆದ ವಾರ ಹೀಗೆಯೇ 'ಮುಖ ಹೊಂದಿಕೆಯಾಗುತ್ತಿಲ್ಲ' ಎಂದು ತೋರಿಸಿ ಐಡಿ ಬ್ಲಾಕ್ ಆಯಿತು. ರಾತ್ರಿ ಊಟದ ಹೊತ್ತಿನ ಆರ್ಡರುಗಳೂ ಹೋದವು, ಇನ್ಸೆಂಟಿವ್ ಕೂಡ ಹೋಯಿತು. ಸಪೋರ್ಟ್ ಚಾಟಿನಲ್ಲಿ ಎಷ್ಟು ಬರೆದರೂ ಒಂದೇ ಸಿದ್ಧ ವಾಕ್ಯ ಮರಳಿ ಬರುತ್ತಿತ್ತು.

ಇದು ಸಾಲದೆಂಬಂತೆ ಕೆಲವು ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ವಾಚ್‌ಮನ್ ಆಧಾರ್ ಕಾರ್ಡಿನ ಫೋಟೋ ತೆಗೆದುಕೊಳ್ಳುತ್ತಾರೆ, ರಾತ್ರಿ ನಾಕಾಬಂದಿಯಲ್ಲಿ ಪೊಲೀಸರು ದಾಖಲೆ ಕೇಳುತ್ತಾರೆ. ಬ್ಲಾಕ್ ಆದಾಗ ಯಾರನ್ನು ಹಿಡಿಯಬೇಕು, ಗೇಟಿನಲ್ಲಿ ಆಧಾರ್ ಕೊಡಲೇಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಮಣಿಪಾಲದ ರಾತ್ರಿಪಾಳಿ:

ಅಣ್ಣಾ, ಈ ಸೆಲ್ಫಿ ಬಂದದ್ದೇ ಐಡಿ ಬಾಡಿಗೆಯ ದೆಸೆಯಿಂದ. ಒಬ್ಬರ ಹೆಸರಿನ ಐಡಿಯನ್ನು ಇನ್ನೊಬ್ಬರು ಓಡಿಸಿದರೆ ಗ್ರಾಹಕರಿಗೆ ಫೋನಿನಲ್ಲಿ ಕಾಣುವ ಮುಖವೇ ಬೇರೆ, ಬಾಗಿಲಿಗೆ ಬರುವವರೇ ಬೇರೆ ಆಗುತ್ತದೆ. ಅದನ್ನು ತಡೆಯಲು ಹೊತ್ತುಗೊತ್ತಿಲ್ಲದೆ ಕೇಳುತ್ತಾರೆ, ಏಕೆಂದರೆ ಮುಂಚಿತವಾಗಿ ತಿಳಿದಿದ್ದರೆ ಅಸಲಿ ಮಾಲೀಕ ಆ ಒಂದು ನಿಮಿಷಕ್ಕೆ ಬಂದು ಮುಖ ತೋರಿಸಿ ಹೋಗಬಹುದು. ಫೋನ್ ಬದಲಾಯಿಸಿದಾಗ, ಬೇರೆ ಫೋನಿನಿಂದ ಲಾಗಿನ್ ಆದಾಗ ತಪಾಸಣೆ ಹೆಚ್ಚುವುದು ಸಾಮಾನ್ಯ.

ಯಂತ್ರವು ಮುಖದ ಲಕ್ಷಣಗಳನ್ನು ಅಂಕಿಗಳ ಸಾಲಾಗಿಸಿ, ನಾವು ಸೇರುವಾಗ ಕೊಟ್ಟ ಫೋಟೋದ ಅಂಕಿಗಳೊಂದಿಗೆ ಹೋಲಿಸುತ್ತದೆ. ಸಾಮ್ಯವು ನಿಗದಿಪಡಿಸಿದ ಮಟ್ಟಕ್ಕಿಂತ ಕೆಳಗಿದ್ದರೆ 'ಇಲ್ಲ' ಎನ್ನುತ್ತದೆ, ಅಷ್ಟೇ. ಲೆನ್ಸಿನ ಮೇಲಿನ ಹನಿಯಿರಲಿ, ಬೆನ್ನ ಹಿಂದೆ ಉರಿಯುವ ಬೀದಿದೀಪವಿರಲಿ, ಅಯ್ಯಪ್ಪ ಮಾಲೆ ಹಾಕಿ 41 ದಿನಗಳ ವ್ರತದಲ್ಲಿ ಬಿಟ್ಟ ಗಡ್ಡವಿರಲಿ, ಎಲ್ಲವೂ ಆ ಅಂಕಿಗಳನ್ನು ಕದಲಿಸುತ್ತವೆ. ಗಡ್ಡ ಬಿಡುವವರು, ಹರಕೆಯ ಮುಡಿ ಕೊಡುವವರು ಪ್ರೊಫೈಲ್ ಫೋಟೋ ಬದಲಾಯಿಸಲು ಕೂಡಲೇ ಅರ್ಜಿ ಹಾಕುವುದು ಒಳ್ಳೆಯದು.

ಮಳೆಯಲ್ಲಿ ಸೆಲ್ಫಿ ಕೇಳಿದರೆ ನಿಂತಲ್ಲೇ ತೆಗೆಯಲು ಹೋಗಬೇಡಿ. ಬಸ್ ತಂಗುದಾಣವೋ, ಅಂಗಡಿಯ ಮಾಡಿನ ಕೆಳಗೋ ನಿಂತು, ಬೆಳಕು ಮುಖದ ಮೇಲೆ ಬೀಳುವಂತೆ ತಿರುಗಿ, ಲೆನ್ಸನ್ನು ಒಣಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ನಾನು ಬ್ಯಾಗಿನ ಮೇಲಿನ ಜೇಬಿನಲ್ಲಿ ಜಿಪ್ ಕವರಿನೊಳಗೆ ಒಂದು ಕರವಸ್ತ್ರವನ್ನು ಇದಕ್ಕಾಗಿಯೇ ಇಟ್ಟಿದ್ದೇನೆ. ಇನ್ನೊಂದು ಮುಖ್ಯ ಮಾತು: ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಇಲ್ಲದೆ ಫೋಟೋ ಮೇಲೇರದಿದ್ದರೂ ಕೆಲವೊಮ್ಮೆ ಸೆಲ್ಫಿಯೇ ವಿಫಲವಾದಂತೆ ತೋರುತ್ತದೆ. ಹಾಗಾದಾಗ ಮತ್ತೆ ಮತ್ತೆ ಒತ್ತದೆ ಮೊದಲು ಹೊರಗೆ ಬನ್ನಿ.

ಸುರತ್ಕಲ್ ಹಳಬ:

ನನಗೆ ಈ ತಪಾಸಣೆ ಬೇಕು ಎಂದೇ ಅನಿಸುತ್ತದೆ. ನಮ್ಮ ಕಡೆ ಬಾಡಿಗೆ ಐಡಿಯವರು ಮಾಡಿದ ಕಿತಾಪತಿಗೆ ಸರಿಯಾಗಿ ದುಡಿಯುವವರು ಬೈಗುಳ ತಿಂದದ್ದಿದೆ. ಆದರೆ ಪಾರ್ಸೆಲ್ ಕೈಯಲ್ಲಿರುವಾಗ ಕೇಳುವುದು ಶುದ್ಧ ಅವಿವೇಕ. ಒಂದು ಆರ್ಡರ್ ಮುಗಿದು ಇನ್ನೊಂದು ಬರುವ ಮೊದಲು ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಉಡುಪಿಯ ವಕೀಲ:

ಪ್ರಶ್ನೆ ಕೇಳಿದವರ ನಿಜವಾದ ತೊಂದರೆ ತಪಾಸಣೆಯಲ್ಲ, ಯಂತ್ರ ಹೇಳಿದ 'ಇಲ್ಲ' ಎಂಬುದನ್ನು ಮರುಪರಿಶೀಲಿಸುವ ಮನುಷ್ಯ ಸಿಗದಿರುವುದು. ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ ಈಗ ಕಾನೂನು ಇದೆ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆನಂತರ ಅದೇ ವರ್ಷ ವಿಧಾನಮಂಡಲದ ಒಪ್ಪಿಗೆ ಪಡೆದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಅಂದರೆ ನಿಮ್ಮಂತೆ ಆ್ಯಪ್ ಮೂಲಕ ಕೆಲಸ ಮಾಡುವವರ) ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯ ಪ್ರಕಾರ, ಕಾರ್ಮಿಕರನ್ನು ಕೈಬಿಡುವುದಾದರೆ ಕಂಪೆನಿಯು ಲಿಖಿತ ಕಾರಣ ಕೊಟ್ಟು 14 ದಿನಗಳ ಮುಂಚಿತ ನೋಟಿಸ್ ನೀಡಬೇಕು. ಸ್ವಯಂಚಾಲಿತ ವ್ಯವಸ್ಥೆಗಳು ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತವೆ ಎಂಬುದನ್ನು ಕಾರ್ಮಿಕರಿಗೆ ತಿಳಿಸುವ ಹೊಣೆಯನ್ನೂ, ದೂರು ಇತ್ಯರ್ಥದ ವ್ಯವಸ್ಥೆಯನ್ನೂ ಅದು ವಿಧಿಸಿದೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರ ಕೇಂದ್ರ ಕಾಯ್ದೆಯೂ ಇದೆಯಾದರೂ, ಅದರ ಮುಖ್ಯ ಹೊಣೆಗಳು ಹಂತ ಹಂತವಾಗಿ ಜಾರಿಗೆ ಬರುವಂಥವು. ಆದ್ದರಿಂದ ಸದ್ಯಕ್ಕೆ ರಾಜ್ಯದ ಕಾಯ್ದೆಯನ್ನು ಮುಂದಿಡುವುದೇ ಲೇಸು.

ಬ್ಲಾಕ್ ಆದ ಕ್ಷಣವೇ ದಿನಾಂಕ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಚಾಟಿನ ಟಿಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಕಂಪೆನಿಯ ದೂರು ಅಧಿಕಾರಿಗೆ ಇಮೇಲ್ ಕಳುಹಿಸಿ. ಅದರಲ್ಲಿ ಸಿಟ್ಟಿನ ಮಾತು ಬೇಡ. 'ನನ್ನ ಸೆಲ್ಫಿಯನ್ನು ಒಬ್ಬ ವ್ಯಕ್ತಿಯಿಂದ ಮರುಪರಿಶೀಲಿಸಿ, ತಡೆಗೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು' ಎಂಬ ಒಂದು ವಾಕ್ಯ ಸಾಕು. ಉತ್ತರ ಬಾರದಿದ್ದರೆ ಅದೇ ಕಾಗದಗಳ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಗೆ ಹೋಗಬಹುದು.

ಇಂತಹ ದೂರು ನಮ್ಮಲ್ಲಿ ಮಾತ್ರ ಇರುವುದಲ್ಲ. ಬ್ರಿಟನ್ನಿನಲ್ಲಿ ಊಬರ್ ಈಟ್ಸ್‌ನ ಕಪ್ಪುವರ್ಣೀಯ ಸವಾರರೊಬ್ಬರು ಪದೇ ಪದೇ ಸೆಲ್ಫಿ ಕೇಳಿ, ಮುಖ ಹೊಂದಲಿಲ್ಲವೆಂದು ಖಾತೆ ತೆಗೆದುಹಾಕಿದ್ದರ ವಿರುದ್ಧ ನ್ಯಾಯಮಂಡಳಿಗೆ ಹೋದರು. 2024ರಲ್ಲಿ ಆ ಪ್ರಕರಣ ಪರಿಹಾರಧನದೊಂದಿಗೆ ರಾಜಿಯಲ್ಲಿ ಮುಗಿಯಿತು. ಮುಖ ವಿಶ್ಲೇಷಿಸುವ ತಂತ್ರಾಂಶಗಳು ಕಪ್ಪು ಮೈಬಣ್ಣದವರ ವಿಷಯದಲ್ಲಿ ಹೆಚ್ಚು ಎಡವುತ್ತವೆ ಎಂಬುದನ್ನು 2018ರಲ್ಲೇ ಅಮೆರಿಕದ ಸಂಶೋಧಕಿಯರು ತೋರಿಸಿದ್ದರು.

ಪೊಲೀಸ್ ತಪಾಸಣೆಯ ಮಾತು ಬೇರೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲನಾ ಪರವಾನಗಿ ತೋರಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಹೇಳುತ್ತದೆ. ಸರ್ಕಾರದ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ಪರವಾನಗಿ ಮತ್ತು ಆರ್‌ಸಿಗೆ 2018ರ ನಿಯಮ ತಿದ್ದುಪಡಿಯಿಂದ ಮಾನ್ಯತೆ ಇದೆ. ಗ್ಯಾಲರಿಯಲ್ಲಿರುವ ಫೋಟೋಗೆ ಆ ಮಾನ್ಯತೆ ಇಲ್ಲ.

ಬಿಜೈ ನಿವಾಸಿ:

ನಾನು ನಮ್ಮ ಅಪಾರ್ಟ್‌ಮೆಂಟಿನ ಸಮಿತಿಯಲ್ಲಿದ್ದೇನೆ. ಯಾರು ಒಳಗೆ ಬಂದರು, ಯಾವ ಮನೆಗೆ ಹೋದರು ಎಂಬುದು ನಮಗೆ ಬೇಕು, ಆಧಾರ್ ಸಂಖ್ಯೆ ಬೇಡ. ವಾಚ್‌ಮನ್ ತಮ್ಮ ಸ್ವಂತ ಮೊಬೈಲಿನಲ್ಲಿ ಇಡೀ ಕಾರ್ಡಿನ ಫೋಟೋ ತೆಗೆದಿಟ್ಟುಕೊಳ್ಳುವುದು ನಮಗೂ ಹೊಣೆಗೇಡಿತನವೆನಿಸಿ ಅದನ್ನು ನಿಲ್ಲಿಸಿದೆವು. ಈಗ ರಿಜಿಸ್ಟರಿನಲ್ಲಿ ಹೆಸರು, ಗಾಡಿ ನಂಬರ್ ಬರೆದು, ಮನೆಯವರಿಗೆ ಇಂಟರ್‌ಕಾಮ್ ಮಾಡಿ ಬಿಡುತ್ತಾರೆ. ನಿಮ್ಮನ್ನು ಒತ್ತಾಯಿಸಿದರೆ ಆ್ಯಪ್‌ನಲ್ಲಿರುವ ಆರ್ಡರನ್ನೂ ಐಡಿಯನ್ನೂ ತೋರಿಸಿ. ಅದಕ್ಕೂ ಒಪ್ಪದಿದ್ದರೆ ಮಾಸ್ಕ್ಡ್ ಆಧಾರ್ ತೋರಿಸಿ, ಅದರಲ್ಲಿ ಕೊನೆಯ 4 ಅಂಕಿಗಳು ಮಾತ್ರ ಕಾಣುತ್ತವೆ. ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಬೆಂದೂರ್‌ವೆಲ್ ಸವಾರ:

ಎಲ್ಲರಿಗೂ ಉಪಕಾರ. ವಕೀಲರು ಹೇಳಿದಂತೆ ಇಮೇಲ್ ಕಳುಹಿಸಿದ್ದೇನೆ, ಮಾಸ್ಕ್ಡ್ ಆಧಾರ್ ಇಳಿಸಿಕೊಂಡಿದ್ದೇನೆ. ಒಂದು ಸಂದೇಹ ಉಳಿದಿದೆ: ಪಾರ್ಸೆಲ್ ಬ್ಯಾಗಿನಲ್ಲಿರುವಾಗಲೇ ಬ್ಲಾಕ್ ಆದರೆ ಆ ಆಹಾರವನ್ನು ಏನು ಮಾಡುವುದು? ಕಳೆದ ಬಾರಿ ಅದರ ಹಣವನ್ನೂ ನನ್ನ ಲೆಕ್ಕದಿಂದ ಕಡಿದರು.

ಮಣಿಪಾಲದ ರಾತ್ರಿಪಾಳಿ:

ಸೀಲ್ ಒಡೆಯದ ಪಾರ್ಸೆಲಿನ ಫೋಟೋವನ್ನು ಬಿಲ್ ಕಾಣುವಂತೆ ತೆಗೆದು ಚಾಟಿಗೆ ಹಾಕಿ, 'ಗ್ರಾಹಕರಿಗೆ ತಲುಪಿಸಲೇ, ಹೋಟೆಲಿಗೆ ಮರಳಿಸಲೇ' ಎಂದು ಬರಹದಲ್ಲೇ ಕೇಳಿ. ಫೋನಿನಲ್ಲಿ ಹೇಳಿದರೆ ಆಮೇಲೆ ಯಾರೂ ಒಪ್ಪುವುದಿಲ್ಲ. ಉತ್ತರ ಬಾರದಿದ್ದರೆ ಹೋಟೆಲಿಗೇ ಮರಳಿಸಿ, ಕೌಂಟರಿನವರಿಂದ ಬಿಲ್ಲಿನ ಮೇಲೆ ಸಮಯ ಬರೆಸಿ ಸಹಿ ಹಾಕಿಸಿಕೊಳ್ಳಿ. ಕಡಿತದ ತಕರಾರಿಗೆ ಆ ಚೀಟಿಯನ್ನೇ ಲಗತ್ತಿಸಿ.