ಸಹಾಯ ಬೇಕು: ಬೈಕ್ ಗ್ಯಾರೇಜಿಗೆ ಗಟ್ಟಿ ಪಾನಾ (ಸ್ಪ್ಯಾನರ್) ಎಲ್ಲಿ ಸಿಗುತ್ತವೆ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಐಟಿಐ ಮುಗಿಸಿ ಜಮಖಂಡಿಯಲ್ಲಿ ಬೈಕ್ ಗ್ಯಾರೇಜ್ ಹಾಕುತ್ತಿದ್ದಾನೆ. ಸಾಮಾನು ಕೊಡಿಸುವ ಕೆಲಸ ನನ್ನ ತಲೆಗೆ ಬಂದಿದೆ.

ಈಗ ಅವನ ಹತ್ತಿರ ಇರುವುದು ಒಂದು ಅಗ್ಗದ ಸೆಟ್. ಥಳಥಳ ಹೊಳೆಯುತ್ತದೆ, ಮೇಲೆ ಕ್ರೋಮ್ ವೆನೇಡಿಯಂ (ಗಟ್ಟಿ ಉಕ್ಕು) ಅಂತ ಬೇರೆ ಬರೆದಿದೆ. ಮೊನ್ನೆ ತುಕ್ಕು ಹಿಡಿದ ನಟ್ ಬಿಚ್ಚಲು ಹೋದರೆ 17 ಎಂಎಂ ಪಾನಾದ ಬಾಯಿಯೇ ಅಗಲವಾಯಿತು. ನಟ್ಟಿನ ಮೂಲೆಗಳೂ ಸವೆದು ಗುಂಡಗಾದವು. ಕೊನೆಗೆ ಉಳಿ ಇಟ್ಟು ಹೊಡೆದು ತೆಗೆದ. ಗಿರಾಕಿ ಎದುರಿಗೇ ನಿಂತಿದ್ದರು!

ನಾನು ಯೋಚಿಸಿರುವುದು 8ರಿಂದ 19ರವರೆಗೆ ರಿಂಗ್ ಪಾನಾ ಮತ್ತು ಡಬಲ್ ಪಾನಾ, ಟಪಾರಿಯಾ ಅಥವಾ ಝಲಾನಿ ಕಂಪನಿಯದ್ದು. ಸಾಕೆಟ್ (ನಟ್ಟಿನ ಮೇಲೆ ಟೊಪ್ಪಿಗೆಯಂತೆ ಕೂರುವ ಪಾನಾ) ಮಾತ್ರ ಆರು ಮೂಲೆಯದ್ದೇ ಇರಲಿ ಅನಿಸುತ್ತದೆ. ಹನ್ನೆರಡು ಮೂಲೆಯದ್ದು ಇಕ್ಕಟ್ಟಿನಲ್ಲಿ ಬೇಗ ಕೂರುತ್ತದೆ ನಿಜ, ಆದರೆ ಬಿಗಿಯಾದ ನಟ್ಟಿಗೆ ಜಾರುವುದು ಜಾಸ್ತಿ ಅಲ್ವಾ? ರೋಜು ಗ್ಯಾರೇಜ್ ನಡೆಸುವವರು ಹೇಳಿ.

ಇನ್ನೊಂದು ತಲೆನೋವು ಸ್ಕ್ರೂಡ್ರೈವರ್. ಜಪಾನ್ ಮೂಲದ ಬೈಕುಗಳ ಸ್ಕ್ರೂ ನೋಡಲು ಫಿಲಿಪ್ಸ್ (ಪ್ಲಸ್ ಗುರುತಿನ ತಲೆ) ತರಹವೇ ಇರುತ್ತದೆ, ಆದರೆ ಹಲವು ಜೆಐಎಸ್ ಅಂದರೆ ಜಪಾನಿನ ಮಾನದಂಡದ ಅಳತೆಯವು. ಫಿಲಿಪ್ಸ್ ಡ್ರೈವರ್ ಹಾಕಿದರೆ ಜಾರಿ ಸ್ಕ್ರೂ ತಲೆ ಸವೆದು ಹೋಗುತ್ತದೆ. ಜೆಐಎಸ್ ಡ್ರೈವರ್ ಬೆಳಗಾವಿ ಕಡೆ ಸಿಗುತ್ತದೆಯೇ, ಆನ್‌ಲೈನೇ ಗತಿಯೇ? ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ ಕಡೆ ಕೆಲಸ ಮಾಡುವವರಿಗೆ ಗೊತ್ತಿರಬಹುದು.

ಟಾರ್ಕ್ ರೆಂಚ್ (ಬೋಲ್ಟನ್ನು ಹೇಳಿದಷ್ಟೇ ಬಿಗಿ ಮಾಡುವ ಪಾನಾ) ಈಗಲೇ ಬೇಡ ಅನ್ನುತ್ತಾನೆ ತಮ್ಮ. ಇಂಜಿನ್ ಬಿಚ್ಚುವವನಿಗೆ ಬೇಕೇ ಬೇಕು ಅನ್ನುವುದು ನನ್ನ ವಾದ.

ಬಜೆಟ್ ಹತ್ತು ಸಾವಿರದ ಒಳಗೆ. ಬೆಳಗಾವಿ, ವಿಜಯಪುರ ಎಲ್ಲಾದರೂ ಸರಿ, ಪಕ್ಕಾ ಬಿಲ್ ಕೊಡುವ, ಅಸಲಿ ಮಾಲು ಇಡುವ ಅಂಗಡಿ ಗೊತ್ತಿದ್ದರೆ ತಿಳಿಸಿ. ಭಾನುವಾರ ತೆರೆದಿದ್ದರೆ ಇನ್ನೂ ಅನುಕೂಲ.