ಪೇಟೆಂಟ್ ‘ಉಲ್ಲಂಘನೆ’ಯೋ ‘ಅತಿಕ್ರಮಣ’ವೋ: ಮಕ್ಕಳ ಆಟದ ಸಲಕರಣೆಯ ವ್ಯಾಜ್ಯವೊಂದರ ಪದಗಳು

ಮಾನ್ಯರೆ,

ಮಕ್ಕಳ ಒಳಾಂಗಣ ಆಟದ ಸಲಕರಣೆಗೆ ಸಂಬಂಧಿಸಿದ ಪೇಟೆಂಟ್ ವ್ಯಾಜ್ಯವೊಂದರ ಕಾಗದಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸ ಶಿರಸಿಯಲ್ಲಿ ನನ್ನ ಪಾಲಿಗೆ ಬಂದಿದೆ. ಕಬ್ಬಿಣದ ಪೈಪು, ನೈಲಾನ್ ಬಲೆ, ಫೋಮ್ ಮೆತ್ತೆ, ಪ್ಲಾಸ್ಟಿಕ್ ಜಾರುಬಂಡಿ ಇವನ್ನೆಲ್ಲ ಜೋಡಿಸಿ, ಮಳೆಗಾಲದಲ್ಲೂ ಮಕ್ಕಳು ಹತ್ತಿ ಇಳಿದು ಆಡಬಹುದಾದ ಚೌಕಟ್ಟುಗಳನ್ನು ಮಳಿಗೆಗಳಿಗೂ ಶಾಲೆಗಳಿಗೂ ಮಾಡಿಕೊಡುವ ಇಲ್ಲಿನ ವರ್ಕ್‌ಶಾಪೊಂದಕ್ಕೆ, ಅಂಥದೇ ಸಲಕರಣೆಯ ಮೇಲೆ ಪೇಟೆಂಟ್ ಪಡೆದಿರುವ ಪರಊರಿನ ಕಂಪನಿ ವಕೀಲರ ಮೂಲಕ ನೋಟಿಸು ಕೊಟ್ಟಿದೆ. ಅನುವಾದವನ್ನು ಓದುವವರು ವರ್ಕ್‌ಶಾಪಿನ ಯಜಮಾನರು ಮತ್ತು ಅವರ ಜೊತೆ ವೆಲ್ಡಿಂಗ್ ಮಾಡುವವರು. ಕೋರ್ಟಿನಲ್ಲಿ ಇಂಗ್ಲಿಷ್ ಪ್ರತಿಯೇ ನಡೆಯುವುದಾದರೂ, ತಮ್ಮ ಮೇಲೆ ಬಂದಿರುವ ಆಕ್ಷೇಪ ಏನೆಂದು ಇವರಿಗೆ ಕನ್ನಡದಲ್ಲಿ ತಿಳಿಯದಿದ್ದರೆ ಇವರು ತಮ್ಮ ವಕೀಲರಿಗೆ ಸರಿಯಾದ ಸಂಗತಿಯನ್ನು ಹೇಳಲಾರರು. ವ್ಯಾಜ್ಯದಲ್ಲಿ ಯಾರದು ನ್ಯಾಯ ಎಂಬುದು ನನ್ನ ಪ್ರಶ್ನೆಯಲ್ಲ. ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಇನ್‌ಫ್ರಿಂಜ್‌ಮೆಂಟ್’. ಪತ್ರಿಕೆಗಳಲ್ಲಿ ‘ಪೇಟೆಂಟ್ ಉಲ್ಲಂಘನೆ’ ಎಂದು ರೂಢಿಯಾಗಿದೆ. ಆದರೆ ನಾವು ಉಲ್ಲಂಘಿಸುವುದು ನಿಯಮವನ್ನು, ಆದೇಶವನ್ನು, ಕರಾರನ್ನು. ಅಂದರೆ ನಮಗೆ ಮೊದಲೇ ಅನ್ವಯಿಸುತ್ತಿದ್ದ ಒಂದು ಕಟ್ಟಳೆಯನ್ನು. ಪೇಟೆಂಟ್ ಕಟ್ಟಳೆಯಲ್ಲ, ಒಬ್ಬರಿಗೆ ಕೊಟ್ಟಿರುವ ಹಕ್ಕು. 1970ರ ಪೇಟೆಂಟ್ ಅಧಿನಿಯಮದ 48ನೆಯ ಕಲಮಿನ ಪ್ರಕಾರ, ಪೇಟೆಂಟ್ ಪಡೆದ ವಸ್ತುವನ್ನು ತನ್ನ ಒಪ್ಪಿಗೆಯಿಲ್ಲದೆ ಇತರರು ತಯಾರಿಸದಂತೆ, ಬಳಸದಂತೆ, ಮಾರಾಟಕ್ಕೆ ಮುಂದಿಡದಂತೆ, ಮಾರದಂತೆ ಮತ್ತು ಅದಕ್ಕಾಗಿ ಆಮದು ಮಾಡಿಕೊಳ್ಳದಂತೆ ತಡೆಯುವ ಹಕ್ಕು ಅದರ ಒಡೆಯನಿಗಿದೆ. ಇದರಲ್ಲಿ ‘ಬಳಸದಂತೆ’ ಎಂಬುದನ್ನು ಓದುಗರು ಗಮನಿಸಬೇಕು, ಏಕೆಂದರೆ ಚೌಕಟ್ಟನ್ನು ಕೊಂಡು ಮಕ್ಕಳನ್ನು ಆಡಿಸುತ್ತಿರುವ ಮಳಿಗೆಯವರೂ ಇದರ ವ್ಯಾಪ್ತಿಗೆ ಬರಬಹುದು. ಹೀಗೆ ಎಲ್ಲೆ ಗುರುತಿಸಿರುವ ಹಕ್ಕಿನೊಳಕ್ಕೆ ಕಾಲಿಡುವ ಕ್ರಿಯೆಗೆ ‘ಅತಿಕ್ರಮಣ’ವೇ ಹತ್ತಿರದ ಪದವೆಂದು ನನಗೆ ತೋರುತ್ತದೆ. ಹಿಂದಿಯ ಕಾನೂನು ಪಠ್ಯಗಳಲ್ಲಿ ‘ಅತಿಲಂಘನ’ ಎಂಬ ಪದವಿದೆ. ಅದನ್ನು ಕನ್ನಡಕ್ಕೆ ತರಬಹುದಾದರೂ, ಟ್ರ್ಯಾಂಪೋಲಿನ್ ಮಾರುವವರಿಗೆ ‘ನೀವು ಅತಿಲಂಘನ ಮಾಡಿದ್ದೀರಿ’ ಎಂದರೆ ಮಕ್ಕಳು ಅಳತೆ ಮೀರಿ ಹಾರಿದರೆಂದೇ ಅವರು ತಿಳಿದಾರು.

ತೊಡಕು ಇರುವುದು ನಮ್ಮ ಜಿಲ್ಲೆಯಲ್ಲಿ. ಉತ್ತರ ಕನ್ನಡದಲ್ಲಿ ‘ಅತಿಕ್ರಮಣ’ ಎಂದೊಡನೆ ಕಿವಿಗೆ ಬೀಳುವುದು ಅರಣ್ಯಭೂಮಿ. ಅತಿಕ್ರಮಣದಾರರು, ಅತಿಕ್ರಮಣ ಸಕ್ರಮ, ಅದಕ್ಕಾಗಿ ಕೊಟ್ಟ ಅರ್ಜಿಗಳು, 2006ರ ಅರಣ್ಯ ಹಕ್ಕು ಕಾಯ್ದೆ ಎಲ್ಲವೂ ಆ ಒಂದೇ ಪದದ ಸುತ್ತ ಬೆಳೆದಿವೆ. ಬೇರೆ ಜಿಲ್ಲೆಯಲ್ಲಿ ‘ಒತ್ತುವರಿ’ ಎನ್ನುವ ಕಡೆಯೂ ಇಲ್ಲಿ ‘ಅತಿಕ್ರಮಣ’ವೇ ನಡೆಯುತ್ತದೆ. ಹೀಗಿರುವಾಗ ‘ನಿಮ್ಮ ಚೌಕಟ್ಟು ಪೇಟೆಂಟಿನ ಅತಿಕ್ರಮಣ’ ಎಂದು ಬರೆದರೆ, ಹಾಗಾದರೆ ಸಕ್ರಮ ಮಾಡಿಸಿಕೊಳ್ಳಬಹುದಲ್ಲ ಎಂದು ಓದುಗ ಕೇಳಿಯಾನು. ವಿಚಿತ್ರವೆಂದರೆ ಆ ಪ್ರಶ್ನೆಯೂ ಪೂರ್ತಿ ತಪ್ಪಲ್ಲ; ಒಡೆಯನಿಂದ ಪರವಾನಗಿ ಪಡೆದು, ಗೌರವಧನ (ರಾಯಲ್ಟಿ) ಕೊಟ್ಟು ಮುಂದುವರಿಯುವ ದಾರಿ ಪೇಟೆಂಟಿನಲ್ಲಿಯೂ ಇದೆ. ಆದರೆ ಸಾಮಾನ್ಯವಾಗಿ ಅದನ್ನು ಕೊಡುವುದು ಒಡೆಯ, ಸರಕಾರವಲ್ಲ ಎಂಬ ವ್ಯತ್ಯಾಸ ಆ ಪದದಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಒಂಟಿಯಾಗಿ ‘ಅತಿಕ್ರಮಣ’ ಎನ್ನದೆ, ಪ್ರತಿ ಸಲವೂ ‘ಪೇಟೆಂಟ್ ಹಕ್ಕಿನ ಅತಿಕ್ರಮಣ’ ಎಂದೇ ಬರೆಯುವುದು ನನ್ನ ಈಗಿನ ನಿಲುವು. ಘಟ್ಟದ ಕೆಳಗಿನ ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಇದು ಹೇಗೆ ಕೇಳಿಸುತ್ತದೆ ಎಂಬುದನ್ನು ತಿಳಿಯಬೇಕಾಗಿದೆ.

ಇದಕ್ಕೆ ಬದಲಾಗಿ ‘ನಕಲು’ ಎಂಬ ಸುಲಭ ಪದವಿದೆಯಲ್ಲ ಎನ್ನಬಹುದು. ಅದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನಕಲು ಮಾಡಲು ಮೂಲವನ್ನು ನೋಡಿರಬೇಕು. ಪೇಟೆಂಟಿನ ವಿಷಯದಲ್ಲಿ ಹಾಗಿಲ್ಲ. ಆ ಕಂಪನಿಯ ಹೆಸರನ್ನೂ ಕೇಳದ ಒಬ್ಬನು ತನ್ನ ತಲೆಯಿಂದಲೇ ಅದೇ ಜೋಡಣೆಯನ್ನು ಕಂಡುಕೊಂಡು ಮಾಡಿದರೂ ಅದು ಹಕ್ಕಿನ ಅತಿಕ್ರಮಣವೇ ಆಗುತ್ತದೆ. ಕೃತಿಸ್ವಾಮ್ಯದಲ್ಲಿ ಸ್ವಂತವಾಗಿ ರಚಿಸಿದೆನೆಂಬುದು ಸಮರ್ಥನೆ, ಇಲ್ಲಿ ಅಲ್ಲ. ತಿಳಿಯದೆ ಮಾಡಿದವನಿಗೆ 111ನೆಯ ಕಲಮು ನಷ್ಟಪರಿಹಾರದ ಮಟ್ಟಿಗೆ ಮಾತ್ರ ವಿನಾಯಿತಿ ಕೊಡುತ್ತದೆ, ಮುಂದೆ ಮಾಡಕೂಡದೆಂಬ ಆಜ್ಞೆಯಿಂದಲ್ಲ. ವಸ್ತುವಿನ ಮೇಲೆ ಬರಿಯ ‘ಪೇಟೆಂಟ್’ ಎಂಬ ಮಾತು ಮುದ್ರಿಸಿದ್ದರೆ ಸಾಲದು, ಅದರ ಸಂಖ್ಯೆಯೂ ಇರಬೇಕು. ಇಲ್ಲದಿದ್ದರೆ ಆ ಮಾತನ್ನು ನೋಡಿದ್ದರಿಂದಲೇ ಪ್ರತಿವಾದಿಗೆ ಪೇಟೆಂಟಿನ ಅರಿವಿತ್ತು ಎಂದು ಭಾವಿಸಲಾಗದು ಎಂಬುದೂ ಅದೇ ಕಲಮಿನಲ್ಲಿದೆ. ಇಷ್ಟೆಲ್ಲವನ್ನೂ ‘ನಕಲು’ ಎಂಬ ಪದ ಅಳಿಸಿಬಿಡುತ್ತದೆ. ‘ನಾನು ಯಾರದ್ದನ್ನೂ ನೋಡಿ ಮಾಡಿಲ್ಲ’ ಎಂಬ ಉತ್ತರ ಸಾಕೆಂದು ಯಜಮಾನರು ನಂಬುವಂತೆ ಮಾಡುತ್ತದೆ.

ಇದಕ್ಕಿಂತಲೂ ಕಷ್ಟದ ಪದ ‘ಕ್ಲೇಮ್’. ಪೇಟೆಂಟಿಗಾಗಿ ಆವಿಷ್ಕಾರವನ್ನು ಬಣ್ಣಿಸಿ ಕೊಡುವ ವಿವರಣಾಪತ್ರದ ಕೊನೆಯಲ್ಲಿ, ಈ ಆವಿಷ್ಕಾರದಲ್ಲಿ ನನ್ನದೆನ್ನುವುದು ಇಷ್ಟು ಎಂದು ಸಂಖ್ಯೆ ಹಾಕಿ ಬರೆದಿರುವ ವಾಕ್ಯಗಳಿವು. ಇಡೀ ವ್ಯಾಜ್ಯ ನಿಂತಿರುವುದು ಇವುಗಳ ಮೇಲೆ; ಚಿತ್ರಗಳ ಮೇಲಲ್ಲ, ಕಂಪನಿ ಮಾರುತ್ತಿರುವ ಬಣ್ಣಬಣ್ಣದ ವಸ್ತುವಿನ ಮೇಲೂ ಅಲ್ಲ. ‘ಹಕ್ಕೊತ್ತಾಯ’ ಎಂದರೆ ಚಳವಳಿಯ ವಾಸನೆ ಬರುತ್ತದೆ. ‘ದಾವೆ’ ಎಂದರೆ ಕೋರ್ಟಿನ ಮೊಕದ್ದಮೆಯೇ ಆಗಿಬಿಡುತ್ತದೆ. ‘ಹಕ್ಕುಸಾಧನೆ’ ನಿಘಂಟುಗಳಲ್ಲಿ ಚೆನ್ನಾಗಿದೆ, ವರ್ಕ್‌ಶಾಪಿನಲ್ಲಿ ಇಲ್ಲ. ನಮ್ಮ ಜಮೀನಿನ ಕ್ರಯಪತ್ರಗಳಲ್ಲಿ ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ ಎಂದು ನಾಲ್ಕು ದಿಕ್ಕಿನ ಎಲ್ಲೆ ಬರೆಯುವ ಭಾಗಕ್ಕೆ ‘ಚಕ್ಕುಬಂದಿ’ ಎನ್ನುತ್ತೇವೆ. ಕ್ಲೇಮು ಮಾಡುವ ಕೆಲಸವೂ ಅದೇ. ಮಾರುವವರು ಬಾಯಲ್ಲಿ ಎಷ್ಟೇ ದೊಡ್ಡ ಜಾಗ ತೋರಿಸಿರಲಿ, ಕೊಂಡವನಿಗೆ ಬರುವುದು ಚಕ್ಕುಬಂದಿಯೊಳಗಿನದು ಮಾತ್ರ. ಹಾಗೆಂದು ‘ಆವಿಷ್ಕಾರದ ಚಕ್ಕುಬಂದಿ’ ಎಂದು ಅನುವಾದದ ಒಳಗೇ ಬರೆದರೆ ವಕೀಲರು ನಕ್ಕಾರೆಂಬ ಅಳುಕು ಇದೆ. ಸದ್ಯಕ್ಕೆ ‘ಕ್ಲೇಮು’ ಎಂದೇ ಇಟ್ಟು, ಮೊದಲ ಸಲ ಬರುವಲ್ಲಿ ‘ಹಕ್ಕಿನ ಎಲ್ಲೆಯನ್ನು ಗುರುತಿಸುವ ವಾಕ್ಯ’ ಎಂದು ಬಿಡಿಸಿ ಹೇಳಿದ್ದೇನೆ.

ಕ್ಲೇಮಿನ ಒಳಗಿನ ಸಣ್ಣ ಪದಗಳೇ ಹೆಚ್ಚು ಅಪಾಯಕಾರಿ. ಮೊದಲೇ ಹೆಸರಿಸಿದ ಭಾಗವನ್ನು ಮತ್ತೆ ಹೇಳುವಾಗ ಇಂಗ್ಲಿಷಿನಲ್ಲಿ ಬರುವ ‘ಸೆಡ್’ ಎಂಬುದಕ್ಕೆ ನಮ್ಮ ದಸ್ತಾವೇಜುಗಳ ‘ಸದರಿ’ ಹೇಳಿ ಮಾಡಿಸಿದಂತಿದೆ: ‘ಸದರಿ ಬಲೆಯು ಸದರಿ ಚೌಕಟ್ಟಿಗೆ ಬಿಗಿಯಲ್ಪಟ್ಟಿದ್ದು’. ಆದರೆ ‘ಕಂಪ್ರೈಸಿಂಗ್’ ಮತ್ತು ‘ಕನ್ಸಿಸ್ಟಿಂಗ್ ಆಫ್’ ಎರಡಕ್ಕೂ ‘ಒಳಗೊಂಡ’ ಎಂದು ಬರೆಯುವ ಚಟ ನಮ್ಮಲ್ಲಿದೆ. ಮೊದಲನೆಯದರಲ್ಲಿ ಹೇಳಿದ ಭಾಗಗಳ ಜೊತೆಗೆ ಬೇರೆ ಭಾಗಗಳೂ ಇರಬಹುದು. ಎರಡನೆಯದರಲ್ಲಿ ಹೇಳಿದಷ್ಟೇ ಇರಬೇಕು. ಕ್ಲೇಮಿನಲ್ಲಿ ಚೌಕಟ್ಟು, ಇಳಿಜಾರು ಬಲೆ, ಕಳಚಬಹುದಾದ ಮೆತ್ತೆ ಎಂಬ ಮೂರು ಭಾಗಗಳಿವೆ ಎನ್ನೋಣ. ನಮ್ಮ ವರ್ಕ್‌ಶಾಪಿನವರು ಈ ಮೂರರ ಜೊತೆಗೆ ಒಂದು ಜಾರುಬಂಡಿಯನ್ನೂ ಸೇರಿಸಿದ್ದರೆ, ಮೊದಲ ಬಗೆಯ ಕ್ಲೇಮಿನಿಂದ ಅವರಿಗೆ ಬಿಡುಗಡೆ ಇಲ್ಲ. ಎರಡನೆಯ ಬಗೆಯದಾದರೆ ಇರಬಹುದು. ಮೂರರಲ್ಲಿ ಒಂದು ಭಾಗವೇ ಇಲ್ಲದಿದ್ದರೆ, ಅಕ್ಷರಶಃ ಅರ್ಥದಲ್ಲಿ ಅತಿಕ್ರಮಣವಾಗುವುದಿಲ್ಲ. ಆದ್ದರಿಂದ ಮೊದಲನೆಯದಕ್ಕೆ ‘ಒಳಗೊಂಡ’, ಎರಡನೆಯದಕ್ಕೆ ‘ಇಷ್ಟರಿಂದಲೇ ಕೂಡಿದ’ ಎಂದು ಬೇರ್ಪಡಿಸಿದ್ದೇನೆ. ‘ಪ್ಲೂರಾಲಿಟಿ’ ಎಂಬುದಕ್ಕೆ ‘ಹಲವು’ ಎಂದರೂ ಇದೇ ತೊಂದರೆ. ಎರಡೇ ಕಂಬಗಳಿದ್ದರೆ ಕನ್ನಡಿಗರು ಅವನ್ನು ‘ಹಲವು ಕಂಬಗಳು’ ಎನ್ನುವುದಿಲ್ಲ, ಆದರೆ ಪೇಟೆಂಟಿನ ಭಾಷೆಯಲ್ಲಿ ಎರಡೂ ಅದರೊಳಗೆ ಬರುತ್ತವೆ. ಅಲ್ಲಿ ‘ಒಂದಕ್ಕಿಂತ ಹೆಚ್ಚು’ ಎಂದೇ ಹೇಳಬೇಕು.

ಒಂದು ಪದ ಹೇಗೆ ವ್ಯಾಜ್ಯವೇ ಆಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಕ್ಯಾಟ್ನಿಕ್ ಪ್ರಕರಣವಿದೆ. ಬಾಗಿಲು ಕಿಟಕಿಗಳ ಮೇಲೆ ಕೂರಿಸುವ ಉಕ್ಕಿನ ತೊಲೆಯ ಕ್ಲೇಮಿನಲ್ಲಿ, ಅದರ ಹಿಂಬದಿಯ ತಗಡು ಲಂಬವಾಗಿರಬೇಕೆಂದು ಬರೆದಿತ್ತು; ಪ್ರತಿವಾದಿಯು ಅದನ್ನು ಆರು ಅಥವಾ ಎಂಟು ಡಿಗ್ರಿಯಷ್ಟು ಓರೆ ಮಾಡಿದ್ದನು. ತೊಲೆ ಹೊರುವ ಕೆಲಸಕ್ಕೆ ಅಷ್ಟು ಓರೆಯಿಂದ ಗಣನೀಯ ವ್ಯತ್ಯಾಸವೇನೂ ಆಗದು, ಕಸುಬು ಬಲ್ಲವನು ಆ ಪದವನ್ನು ರೇಖಾಗಣಿತದ ಬಿಗಿಯಲ್ಲಿ ಓದಲಾರನು ಎಂದು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1980ರಲ್ಲಿ ತೀರ್ಮಾನಿಸಿ ಅದನ್ನು ಅತಿಕ್ರಮಣವೆಂದೇ ಎಣಿಸಿತು. ಈಗ ನನ್ನ ಕೈಲಿರುವ ಪತ್ರದಲ್ಲೂ ಅದೇ ‘ವರ್ಟಿಕಲಿ’ ಇದೆ. ‘ಲಂಬವಾಗಿ’ ಎಂದರೆ ಗಣಿತ ಪುಸ್ತಕದ ತೊಂಬತ್ತು ಡಿಗ್ರಿ ನೆನಪಾಗುತ್ತದೆ. ‘ನೆಟ್ಟಗೆ’ ಎಂದರೆ ಬಡಗಿಯ ಮಾತು, ಅದರಲ್ಲಿ ತುಸು ಸಡಿಲವಿದೆ. ಅನುವಾದಕನು ಆ ಸಡಿಲವನ್ನು ತಾನೇ ಕೊಡಬಾರದು ಎಂಬ ಕಾರಣಕ್ಕೆ ‘ಲಂಬವಾಗಿ’ ಎಂದು ಉಳಿಸಿದ್ದೇನೆ. ನಾನು ತಪ್ಪಿದ್ದರೆ ತಿದ್ದಬೇಕು. ಇಂತಹ ಸಂದರ್ಭಗಳಲ್ಲಿ ಇಂಗ್ಲಿಷಿನವರು ‘ಪಿತ್ ಅಂಡ್ ಮ್ಯಾರೋ’ ಎನ್ನುವುದನ್ನು ಮಾತ್ರ ಕನ್ನಡದ ‘ತಿರುಳು’ ಒಂದೇ ಪದದಲ್ಲಿ ಮುಗಿಸುತ್ತದೆ, ಮಜ್ಜೆಯವರೆಗೆ ಹೋಗುವ ಅಗತ್ಯವಿಲ್ಲ.

‘ಪ್ರಯರ್ ಆರ್ಟ್’, ಅಂದರೆ ಪೇಟೆಂಟಿಗೆ ಅರ್ಜಿ ಹಾಕುವ ಮೊದಲೇ ಜನರಿಗೆ ತಿಳಿದಿದ್ದದ್ದು, ಎಂಬುದನ್ನು ‘ಪೂರ್ವಕಲೆ’ ಎಂದು ಅನುವಾದಿಸಿದ್ದನ್ನು ನೋಡಿದ್ದೇನೆ. ಶಿಲ್ಪಕಲೆಯ ಚರಿತ್ರೆಯೇನೋ ಎನಿಸುತ್ತದೆ. ಇಲ್ಲಿನ ‘ಆರ್ಟ್’ ಎಂದರೆ ಕಸುಬು. ಆದ್ದರಿಂದ ಅದನ್ನು ‘ಪೂರ್ವವಿದಿತ ತಂತ್ರ’ ಎಂದೂ, ಆ ಕಸುಬಿನಲ್ಲಿ ಪಳಗಿದವನನ್ನು ‘ನುರಿತ ಕಸುಬುದಾರ’ ಎಂದೂ ಕರೆದಿದ್ದೇನೆ. ಆಟದ ಸಲಕರಣೆಗಳಲ್ಲಿ ಇದಕ್ಕೆ ಸೊಗಸಾದ ಉದಾಹರಣೆಯಿದೆ. ಮಕ್ಕಳು ಹತ್ತುವ ಪೈಪಿನ ಗೂಡು, ಅಂದರೆ ‘ಜಂಗಲ್ ಜಿಮ್’, ಅದರ ಮೇಲೆ 1923ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ಶಿಕಾಗೋದ ಪೇಟೆಂಟ್ ವಕೀಲ ಸೆಬಾಸ್ಟಿಯನ್ ಹಿಂಟನ್. ಆದರೆ ಅವರ ತಂದೆ, ಗಣಿತಜ್ಞ ಚಾರ್ಲ್ಸ್ ಹೋವರ್ಡ್ ಹಿಂಟನ್, ಜಪಾನಿನಲ್ಲಿದ್ದಾಗ ತಮ್ಮ ಮಕ್ಕಳಿಗೆ ಉದ್ದ, ಅಗಲ, ಎತ್ತರಗಳ ಲೆಕ್ಕ ಕಲಿಸಲೆಂದು ಬಿದಿರಿನ ಅಂಥದೇ ಚೌಕಟ್ಟನ್ನು ಕಟ್ಟಿ ಹತ್ತಿಸಿದ್ದರು. ಮನೆಯೊಳಗಿನ ಇಂತಹ ಬಳಕೆ ಕಾನೂನಿನ ದೃಷ್ಟಿಯಲ್ಲಿ ಪೂರ್ವವಿದಿತವೆನಿಸುತ್ತದೋ ಇಲ್ಲವೋ ಎಂಬುದು, ಅದು ಹೊರಗಿನವರಿಗೆ ಎಷ್ಟು ತೆರೆದಿತ್ತು ಎಂಬುದರ ಮೇಲೆ ನಿಲ್ಲುತ್ತದೆ. ಪೈಪಿನ ಗೂಡಿನ ಮೇಲಂತೂ ಈಗ ಯಾರಿಗೂ ಹಕ್ಕಿಲ್ಲ. ನಮ್ಮಲ್ಲಿ ಪೇಟೆಂಟಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಇದರ ಜೊತೆಗೇ ಬರುವ ಇನ್ನೊಂದು ಮಾತು, 1978ರಲ್ಲಿ ನಮ್ಮ ಸುಪ್ರೀಂ ಕೋರ್ಟು ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ ಹೇಳಿದ್ದು: ಪಾತ್ರೆಗಳನ್ನು ಲೇತಿನಲ್ಲಿ ತಿರುಗಿಸುವಾಗ ಹಿಡಿದಿಡುವ ಸಾಧನದ ಪೇಟೆಂಟನ್ನು ಅಸಿಂಧುಗೊಳಿಸುತ್ತ, ಬರಿಯ ವರ್ಕ್‌ಶಾಪ್ ಮಟ್ಟದ ಸುಧಾರಣೆ ಆವಿಷ್ಕಾರವಾಗದು ಎಂದಿತು. ಇದನ್ನು ‘ಕಾರ್ಯಾಗಾರ ಸುಧಾರಣೆ’ ಎಂದು ಶುದ್ಧಗೊಳಿಸುವ ಬದಲು ‘ವರ್ಕ್‌ಶಾಪಿನ ಸುಧಾರಣೆ’ ಎಂದೇ ಬಿಟ್ಟಿದ್ದೇನೆ. ಓದುವವರಿಗೆ ಅದು ಒಡನೆಯೇ ತಿಳಿಯುತ್ತದೆ.

‘ಪೇಟೆಂಟ್’ ಎಂಬುದಕ್ಕೇ ಕನ್ನಡ ಪದ ಹುಡುಕುವ ಪ್ರಯತ್ನವನ್ನು ಕೈಬಿಟ್ಟಿದ್ದೇನೆ. ‘ಹಕ್ಕುಸ್ವಾಮ್ಯ’ವನ್ನು ಪತ್ರಿಕೆಗಳು ಪುಸ್ತಕಕ್ಕೂ ಯಂತ್ರಕ್ಕೂ ಒಟ್ಟಿಗೇ ಬಳಸುತ್ತವೆ. ಆಡುಮಾತಿನಲ್ಲಂತೂ 2019ರಲ್ಲಿ ಶಿರಸಿ ಅಡಿಕೆಗೆ ದೊರೆತ, ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಿಕೆಯೂ (ಜಿಐ) ‘ಪೇಟೆಂಟ್’ ಆಗಿಬಿಡುತ್ತದೆ. ವಸ್ತುವಿನ ಹೊರರೂಪಕ್ಕೆ 2000ದ ವಿನ್ಯಾಸ ಅಧಿನಿಯಮದಡಿ ಸಿಗುವ ನೋಂದಣಿ ಬೇರೆಯೇ ಆಗಿದ್ದು, ಆನೆಯ ಆಕಾರದ ಜಾರುಬಂಡಿಯ ತಂಟೆ ಅಲ್ಲಿ ಬರುತ್ತದೆ, ಇಲ್ಲಿ ಅಲ್ಲ.

ನೋಟಿಸಿನ ಕರಡು ಅನುವಾದವೊಂದರಲ್ಲಿ ‘ಆರೋಪಿ’, ‘ಅಪರಾಧ’ ಎಂಬ ಪದಗಳಿದ್ದುವು, ಅವನ್ನು ತೆಗೆದಿದ್ದೇನೆ. ಪೇಟೆಂಟ್ ಹಕ್ಕಿನ ಅತಿಕ್ರಮಣ ನಮ್ಮಲ್ಲಿ ಸಿವಿಲ್ ವಿಷಯ, ಪೊಲೀಸರದಲ್ಲ. ಪೇಟೆಂಟ್ ಇಲ್ಲದೆಯೇ ಇದೆಯೆಂದು ಸುಳ್ಳು ಹೇಳಿಕೊಂಡರೆ ದಂಡದ ಮಾತು ಬರುತ್ತದೆ. ‘ಇಂಜಂಕ್ಷನ್’ ಮತ್ತು ‘ಸ್ಟೇ’ ಎರಡಕ್ಕೂ ನಾವು ‘ತಡೆಯಾಜ್ಞೆ’ ಎನ್ನುತ್ತೇವೆ. ಒಂದು ಪ್ರತಿವಾದಿಯ ಕೈಯನ್ನು ತಡೆಯುತ್ತದೆ, ಇನ್ನೊಂದು ಆದೇಶವನ್ನೋ ನಡಾವಳಿಯನ್ನೋ ತಡೆಯುತ್ತದೆ. ಇಲ್ಲಿ ಮೊದಲನೆಯದಕ್ಕೆ ‘ಪ್ರತಿಬಂಧಕಾಜ್ಞೆ’ ಎಂದು ಬರೆದಿದ್ದೇನೆ. ಆಧಾರವಿಲ್ಲದ ನೋಟಿಸು ಕೊಟ್ಟವರ ಮೇಲೆ 106ನೆಯ ಕಲಮಿನಡಿ ನೋಟಿಸು ಪಡೆದವರೇ ದಾವೆ ಹೂಡಬಹುದು. ಅಲ್ಲಿನ ‘ಥ್ರೆಟ್’ ಎಂಬುದನ್ನು ‘ಬೆದರಿಕೆ’ ಎಂದರೆ ಮತ್ತೆ ಪೊಲೀಸ್ ಠಾಣೆಯ ನೆನಪಾಗುತ್ತದೆ. ‘ದಾವೆ ಹೂಡುವೆನೆಂಬ ಎಚ್ಚರಿಕೆ’ ಎಂಬುದು ಉದ್ದವಾದರೂ ಸರಿಯೆನಿಸುತ್ತದೆ.

ಕೊನೆಯದಾಗಿ ಒಂದು ಪ್ರಾದೇಶಿಕ ಪ್ರಶ್ನೆ. ಇಂತಹ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಹೂಡಿದರೆ ಅದು ಕಾರವಾರದ ಕಡೆಯದು. ಪೇಟೆಂಟನ್ನೇ ರದ್ದುಪಡಿಸಬೇಕೆಂದು ಪ್ರತಿವಾದಿಯು ಪ್ರತಿದಾವೆ ಹಾಕಿದರೆ ಎರಡೂ ಒಟ್ಟಿಗೆ ಹೈಕೋರ್ಟಿಗೆ ಹೋಗುತ್ತವೆ, ನಮಗೆ ಅದು ಧಾರವಾಡ ಪೀಠ. ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಯ ಹಳೆಯ ಕೋರ್ಟು ಕಾಗದಗಳಲ್ಲಿ ಪ್ರತಿವಾದಿಯು ಕೊಡುವ ಉತ್ತರಕ್ಕೆ ‘ಕೈಫಿಯತ್ತು’ ಎಂಬ ಪದವಿದೆ, ಹಿರಿಯರ ಬಾಯಲ್ಲಿ ಅದು ಈಗಲೂ ಉಳಿದಿದೆ. ಹೊಸ ಅನುವಾದಗಳಲ್ಲಿ ‘ಲಿಖಿತ ಹೇಳಿಕೆ’ ಎಂದಿರುತ್ತದೆ. ಸಾಕ್ಷಿಯ ಹೇಳಿಕೆ, ಪೊಲೀಸರ ಮುಂದಿನ ಹೇಳಿಕೆ ಎಲ್ಲವೂ ‘ಹೇಳಿಕೆ’ಯೇ ಆಗಿರುವಾಗ, ‘ಕೈಫಿಯತ್ತು’ ಎಂಬುದನ್ನೇ ಮತ್ತೆ ಬಳಸಬಹುದೇ, ಅಥವಾ ಹಳೆಯ ಮೈಸೂರು ಕಡೆಯಿಂದ ಬಂದ ವಕೀಲರಿಗೆ ಅದು ಅರ್ಥವಾಗದೆ ಹೋದೀತೇ? ಧಾರವಾಡದಲ್ಲಿ ವಕಾಲತ್ತು ನಡೆಸುವವರು ಈಗ ಏನು ಬರೆಯುತ್ತಾರೆಂದು ತಿಳಿಸಿದರೆ ಅದನ್ನೇ ಹಾಕಿ ಪ್ರತಿಯನ್ನು ವರ್ಕ್‌ಶಾಪಿಗೆ ಕೊಡುತ್ತೇನೆ.