ಸಹಾಯ ಬೇಕು: ಎಸಿ, ಫ್ರಿಜ್ ವಾರಂಟಿ ಪ್ಲಾನ್ ತಗೊಳ್ಳಲಾ, ಬೇಡವಾ?

ನಮಸ್ಕಾರ್ರಿ ಎಲ್ಲರಿಗೂ. ನಮ್ಮ ಮನೆ ಕಲಬುರಗಿಯ ಜೇವರ್ಗಿ ರಸ್ತೆ ಕಡೆ. ಎಸಿ, ಫ್ರಿಜ್, ವಾಷಿಂಗ್ ಮಷಿನ್ ಮೂರರ ವಾರಂಟಿಯೂ ಮುಗಿದಿದೆ. ಎಸಿ ಕಂಪ್ರೆಸರ್‌ಗೆ ಮಾತ್ರ 10 ವರ್ಷ ಇದೆ. ಈಗ ಒಂದು ಕಂಪನಿ ಮೂರಕ್ಕೂ ಸೇರಿಸಿ ವರ್ಷಕ್ಕೆ 6,500 ರೂಪಾಯಿ ಕೇಳುತ್ತಿದೆ. ಮೇಲೆ 18% ಜಿಎಸ್‌ಟಿ. ಬಂದಾಗಲೆಲ್ಲ ವಿಸಿಟ್ ಚಾರ್ಜ್ ಬೇರೆ.

ಷರತ್ತುಗಳ ಹಾಳೆ ತರಿಸಿ ಓದಿದೆ. 'ಎಲ್ಲಾ ಪಾರ್ಟ್ಸ್ ಕವರ್' ಅಂತ ದೊಡ್ಡಕ್ಷರ. ಕೆಳಗೆ ಸಣ್ಣಕ್ಷರದಲ್ಲಿ, ವೋಲ್ಟೇಜ್ ಏರುಪೇರಿಗೆ ಹಾಳಾದರೆ ಇಲ್ಲ, ಗಡಸು ನೀರಿನ ಉಪ್ಪು ಕಟ್ಟಿದರೆ ಇಲ್ಲ. ನಮ್ಮ ಕಡೆ ಮಷಿನ್ ಕೆಡೋದೇ ಇವೆರಡರಿಂದ ಅಲ್ವಾ! ಕಸ್ಟಮರ್ ಕೇರ್‌ಗೆ ಕೇಳಿದರೆ 'ಟೆಕ್ನಿಷಿಯನ್ ನೋಡಿ ಹೇಳ್ತಾರೆ' ಅನ್ನುತ್ತಾರೆ. ಅವನು ಇಲ್ಲಿಯವನೋ, ಹೈದರಾಬಾದಿನಿಂದ ಬರುತ್ತಾನೋ, ಅದಕ್ಕೂ ಉತ್ತರವಿಲ್ಲ. ಸೂಪರ್ ಮಾರ್ಕೆಟ್ ಹತ್ತಿರದ ಮೆಕ್ಯಾನಿಕ್ ಅಣ್ಣ 'ಒಳ್ಳೆ ಸ್ಟೆಬಿಲೈಸರ್ ಹಾಕ್ರಿ, ಸುಮ್ನೆ ಯಾಕ ರೊಕ್ಕ ಕೊಡ್ತೀರಿ' ಅಂದರು. ಅವರಿಗೆ ಅವರ ಗಿರಾಕಿ ಮುಖ್ಯ, ಅದೂ ಗೊತ್ತು.

ನನಗೆ ತಿಳಿಯದೇ ಇರೋದು ಇದು: ಪಿಸಿಬಿ (ಮಷಿನ್ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್) ಸುಟ್ಟರೆ ಅದು ವೋಲ್ಟೇಜ್‌ನಿಂದಲೇ ಅಂತ ಯಾರು, ಹೇಗೆ ತೀರ್ಮಾನ ಮಾಡುತ್ತಾರೆ? ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇಂಥ ಪ್ಲಾನ್‌ನಲ್ಲಿ ಪಿಸಿಬಿ ಕ್ಲೇಮ್ ಸಿಕ್ಕವರು ಇದ್ದೀರಾ? ಎಷ್ಟು ದಿನ ಹಿಡಿಯಿತು, ಕೈಯಿಂದ ಎಷ್ಟು ಹೋಯಿತು?